ಕಡದ ಕಾಲೇಜು

ಬಂದವರೆಲ್ಲ ಹೋದ ಮರುದಿನ ಹಾಲಿನವಳು ಒಂದು ಲೀಟರ್ ಅಳೆದು ಹೋದಳು. ಹನ್ನೊಂದು ದಿನ ಮನೆ ತುಂಬ ಜನವಿದ್ದಾಗ ನಾಲ್ಕು ಲೀಟರ್ ಬರುತ್ತಿತ್ತು. ಅದಕ್ಕೂ ಮೊದಲು, ನಾವಿಬ್ಬರೇ ಇದ್ದಾಗ, ಒಂದು. ಈಗ ಒಬ್ಬಳಿಗೆ ಎಷ್ಟು ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಯಿಸಿ ಮುಚ್ಚಿಟ್ಟೆ.

ಅಂದು ಯಾರೂ ಡಬ್ಬಿಯಲ್ಲಿ ಉಪ್ಪಿಟ್ಟು ತರಲಿಲ್ಲ. ಯಾರೂ ಕೈಹಿಡಿದು ಅಳಲಿಲ್ಲ. ನಲ್ಲಿಯಲ್ಲಿ ನೀರು ಬಂತು, ತುಂಬಿಕೊಂಡೆ. ಗೂಟದಲ್ಲಿ ನನ್ನ ಗಂಡ ಚನ್ನವೀರನ ಅಂಗಿ ನೇತಾಡುತ್ತಿತ್ತು. ಎರಡು ಗುಂಡಿಗಳ ನಡುವಿನ ಸಂದಿಯಲ್ಲಿ ಅವನ ಪೆನ್ನು ಸಿಕ್ಕಿಸಿದಂತೆಯೇ ಇತ್ತು. ನಮ್ಮೂರಿನ ಅಂಗಿಗಳಿಗೆ ಜೇಬಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಪೆನ್ನನ್ನು ತೆಗೆದಿಡಬೇಕು ಅನ್ನಿಸಿತು. ತೆಗೆಯಲಿಲ್ಲ.

ಎಂಟೂವರೆಗೆ ಪಂತರು ಬಂದರು. ಮೂರು ಓಣಿಯಾಚೆಯ ಮನೆ, ಎಂಬತ್ತನಾಲ್ಕು ವರ್ಷ, ಒಂಟಿ ಜೀವ. ಹನ್ನೊಂದು ದಿನವೂ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂತು ಹೋಗಿದ್ದರು.

"ನನ್ನ ಛತ್ರಿ ಇಲ್ಲೇ ಬಿಟ್ಟೇನೇನು ಅಂತ ನೋಡಲಿಕ್ಕೆ ಬಂದೆ, ಕುಮುದಾ" ಎಂದರು.

ಛತ್ರಿ ಅವರ ಕಂಕುಳಲ್ಲೇ ಇತ್ತು. ನಾನು ಅದನ್ನು ನೋಡಿದೆ. ಅವರೂ ನೋಡಿಕೊಂಡರು.

"ಇದಲ್ಲ, ಇನ್ನೊಂದು."

"ಇನ್ನೊಂದು ಐತೇನ್ರಿ ನಿಮ್ಮ ಹತ್ರ?"

"ಇಲ್ಲ. ಅದಕ್ಕs ಹುಡುಕಲಿಕ್ಕೆ ಬಂದೇನಿ."

ಒಳಗೆ ಕರೆದು ಚಹಾ ಕೊಟ್ಟೆ. ಸಕ್ಕರೆಯನ್ನು ಡಾಕ್ಟರು ಅರ್ಧ ಚಮಚಕ್ಕೆ ಇಳಿಸಿದ್ದರು. ಒಂದು ಗುಟುಕು ಕುಡಿದು, ಔಷಧಿ ಕುಡಿದವರಂತೆ ಮುಖ ಮಾಡಿ, ಗೋಡೆಯ ಮಾಡದ ಕಡೆ ನೋಡುತ್ತ ಕೂತರು. ಅಲ್ಲಿ ಕಾಲೇಜಿನ ಹಳೆಯ ದಫ್ತರುಗಳು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದವು. ಚಹಾ ಮುಗಿಸಿ ಎದ್ದರು. ಗೇಟು ದಾಟಿದ ಮೇಲೆ ತಿರುಗದೆಯೇ, "ದಸರಾಕ್ಕ ಕೊಡತೇನಿ ಅಂದಿದ್ದ. ಹಂಗs ನೆನಪಾತು, ಅಷ್ಟs" ಎಂದು, ಆ ವಯಸ್ಸಿಗೆ ಸಲ್ಲದ ವೇಗದಲ್ಲಿ ಹೊರಟುಹೋದರು.

ಏನನ್ನು ಎಂದು ನನಗೆ ಗೊತ್ತಿತ್ತು. ಅದನ್ನು ತಿಳಿಸಬೇಕಾದರೆ ನಮ್ಮ ಸಮುದಾಯ ಕಾಲೇಜಿನ ಚರಿತ್ರೆ ಹೇಳಬೇಕು. ಚನ್ನವೀರ ಬರೆಯುತ್ತಿದ್ದುದೂ ಅದನ್ನೇ.

ಈ ಊರಿನಲ್ಲಿ ಒಂದು ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸಿದರೆ ಅದು ಕಲಿಸಿದವರನ್ನು ಬಿಟ್ಟು ಕಲಿತವರ ಬಳಿಗೆ ಹೋಗುತ್ತದೆ. ಬೇಕೆಂದರೆ ಅವರು ಮತ್ತೆ ಇವರಿಗೆ ಕಲಿಸಿ ಮರಳಿಸಬೇಕು. ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದರೆ ಏನನ್ನುತ್ತಾರೋ ಇದಕ್ಕೂ ಅದನ್ನೇ ಅನ್ನುತ್ತಾರೆ: ಕಡ. ತಾಯಿಯ ತೊಡೆಯ ಮೇಲೆ ಕಲಿತದ್ದಕ್ಕೆ ಮಾತ್ರ ಕಡದ ಲೆಕ್ಕವಿಲ್ಲ. ಇದ್ದಿದ್ದರೆ ಮೊದಲ ಮಗು ಮಾತು ಕಲಿತ ದಿನವೇ ಊರು ಮೂಕವಾಗುತ್ತಿತ್ತು. ಹೊರಗಿನಿಂದ ಬಂದವರಿಗೆ ಇಲ್ಲಿನ ನೀರು ಹಿಡಿದು ಈ ನಿಯಮ ತಗಲಲು ಒಂದು ವರ್ಷ ಬೇಕು. ಹಾಗಾಗಿ ಶಾಲೆಯ ಮಾಸ್ತರರನ್ನು ಹನ್ನೊಂದು ತಿಂಗಳಿಗೆ ತಪ್ಪದೆ ವರ್ಗ ಮಾಡುತ್ತಾರೆ.

ಅರವತ್ತಮೂರು ವರ್ಷದ ಹಿಂದೆ ಊರಿನ ಕ್ಷೌರಿಕ ತನ್ನ ಕಸುಬನ್ನು ಒಂದು ಮದುವೆಯ ಹಂಗಾಮಿಗೆಂದು ಅಳಿಯನಿಗೆ ಕಡ ಕೊಟ್ಟ. ಅಳಿಯ ಅದನ್ನು ತೆಗೆದುಕೊಂಡು ಹೊಳೆ ದಾಟಿದವನು ಮರಳಲಿಲ್ಲ. ಮೂರು ವರ್ಷ ಊರಿನ ಗಂಡಸರೆಲ್ಲ ಗಡ್ಡ ಬಿಟ್ಟುಕೊಂಡು ತಿರುಗಿದರು. ಇನ್ನು ಮುಂದೆ ಸಾಕ್ಷಿಯಿಲ್ಲದೆ ಕಡ ಕೊಡಬಾರದು ಎಂದು ಏಳು ಜನ ಸೇರಿ ಅರಳೆಯ ಗೋದಾಮಿನಲ್ಲಿ ಕಾಲೇಜು ತೆರೆದರು. ಅವರ ಫೋಟೋ ಇಂದಿಗೂ ಹಾಲ್‌ನಲ್ಲಿದೆ. ಏಳು ಗಡ್ಡಗಳನ್ನು ನೋಡಿ ಹೊರಗಿನವರು ಯಾರೋ ಋಷಿಗಳಿರಬೇಕೆಂದು ಕೈಮುಗಿಯುತ್ತಾರೆ.

ಪದ್ಧತಿ ಸರಳ. ಒಬ್ಬ ಕೊಡುವವನು, ಒಬ್ಬ ಕೊಳ್ಳುವವನು, ನಡುವೆ ಕುರ್ಚಿಯಲ್ಲಿ ಒಬ್ಬ ಸಾಕ್ಷಿ. ಮರಳಿಸುವ ದಿನವನ್ನು ದಫ್ತರಿನಲ್ಲಿ ಬರೆಯುತ್ತಾರೆ. ಪ್ರಮಾಣಪತ್ರ ಕೊಡುವುದು ಕಲಿತಾಗ ಅಲ್ಲ, ಮರಳಿಸಿದಾಗ. ಆದ್ದರಿಂದ ನಮ್ಮ ಕಾಲೇಜಿನ ಪ್ರಮಾಣಪತ್ರ ಇದ್ದವರಿಗೆ ಆ ವಿದ್ಯೆ ಬರುವುದಿಲ್ಲ ಎಂದೇ ಅರ್ಥ. ಇದನ್ನು ಕೇಳಿ ನಕ್ಕವರನ್ನು ಊರವರು, "ನಿಮ್ಮ ಕಾಲೇಜಿನ್ಯಾಗ ಬ್ಯಾರೆ ಏನರೆ ನಡೀತೈತೇನ್ರಿ?" ಎಂದು ಕೇಳುತ್ತಾರೆ.

ಎರಡನೆಯ ದಶಕದಲ್ಲಿ ಟೈಪ್‌ರೈಟರ್ ಬಂತು. ಯಂತ್ರ ಗೋದಾಮಿನಲ್ಲೇ ಇತ್ತು, ವಿದ್ಯೆ ಮಾತ್ರ ಇಪ್ಪತ್ತಮೂರು ಮನೆ ಸುತ್ತಿತು. ಒಂದು ಅರ್ಜಿ ಬರೆಸಬೇಕಾದರೆ ಟೈಪಿಂಗ್ ಈ ವಾರ ಯಾರ ಮನೆಯಲ್ಲಿದೆ ಎಂದು ವಿಚಾರಿಸಿಕೊಂಡು ಹೋಗಬೇಕಿತ್ತು. ಮೂರನೆಯ ದಶಕದಲ್ಲಿ ಹೊರಗಿನಿಂದ ಸುಧಾರಣಾವಾದಿ ಪ್ರಿನ್ಸಿಪಾಲರೊಬ್ಬರು ಬಂದು, ಒಬ್ಬರಿಗೆ ಒಬ್ಬರು ಕಲಿಸುವುದು ಹಿಂದುಳಿದ ಪದ್ಧತಿ, ಇನ್ನು ಬ್ಯಾಚ್ ಮಾಡುತ್ತೇನೆ ಎಂದರು. ಹಳಬರು ಬೇಡ ಎಂದದ್ದು ಅವರಿಗೆ ಕೇಳಿಸಲಿಲ್ಲ. ಜೀಪು ಕಲಿಯಲು ನಾಲ್ವರನ್ನು ಒಟ್ಟಿಗೆ ಕೂರಿಸಿದರು. ಒಬ್ಬನಿಗೆ ಸ್ಟೇರಿಂಗ್ ಬಂತು, ಒಬ್ಬನಿಗೆ ಗೇರು, ಒಬ್ಬನಿಗೆ ಬ್ರೇಕು, ನಾಲ್ಕನೆಯವನಿಗೆ ಹಾರ್ನು. ಈಗಲೂ ಜೀಪು ಹೊರಡಬೇಕಾದರೆ ನಾಲ್ವರೂ ಬರಬೇಕು. ಬ್ರೇಕಿನವನ ಮಗಳ ಮದುವೆಯ ವಾರ ಜೀಪು ಮನೆಯಲ್ಲೇ ಇತ್ತು. ತಾನಿಲ್ಲದಿದ್ದರೆ ಗಾಡಿ ಹೊರಡುವುದಿಲ್ಲ ಎಂಬ ಜಂಬ ಮಾತ್ರ ಹಾರ್ನಿನವನಿಗೇ ಹೆಚ್ಚು.

ಹೊಲಿಗೆಯನ್ನು ಹನ್ನೆರಡು ಜನರ ಬ್ಯಾಚಿಗೆ ಕಲಿಸಿದರು. ಕಾಲರಿಗೆ ಒಬ್ಬ, ತೋಳಿಗೆ ಇಬ್ಬರು, ಗುಂಡಿಗೆ ಒಬ್ಬ, ಹೀಗೆ. ಹನ್ನೆರಡೂ ಜನ ಒಂದೇ ಕಟ್ಟೆಯ ಮೇಲೆ ಸಾಲಾಗಿ ಕೂತು ಒಂದು ಅಂಗಿ ಹೊಲಿಯುತ್ತಿದ್ದರು. ಒಂದು ದಿನ ಜೇಬಿನವನು ಯಾರಿಗೂ ಮರಳಿಸದೆ ತೀರಿಕೊಂಡ. ಅಂದಿನಿಂದ ಊರಿನಲ್ಲಿ ಜೇಬು ಇಲ್ಲ. ಜನ ಚೀಟಿಯನ್ನು ಟೊಪ್ಪಿಗೆಯೊಳಗೆ ಇಟ್ಟುಕೊಳ್ಳುವುದು ಕಲಿತರು. ಪೇಟೆಯ ಅಂಗಿ ತೊಟ್ಟವನನ್ನು ಜೇಬಿನ ಸಾಹೇಬ ಎಂದು ಕಾಡುತ್ತಾರೆ. ಆದರೆ ಯಾರಾದರೂ ಕಡ ತಂದು ಹಾಸಿಗೆ ಹಿಡಿದರೆ ಸಾಕು, ಊರೇ ಮೆಲ್ಲಗೆ, "ಜೇಬಿನ ಹಂಗ ಆಗಬಾರದಪ್ಪ" ಎನ್ನುತ್ತದೆ.

ಚನ್ನವೀರ ಕಾಲೇಜಿನ ಸಾಕ್ಷಿ. ಎಲ್ಲ ವಿದ್ಯೆಗಳೂ ಅವನ ಕಣ್ಣೆದುರು ಕೈ ಬದಲಾಯಿಸುತ್ತಿದ್ದವು, ಅವನಿಗೆ ಒಂದೂ ಬರುತ್ತಿರಲಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿ, ಮದುವೆಯಾಗಿ ಬಂದವಳು. ಮೊದಲ ವರ್ಷ ಮುಗಿಯುತ್ತಿದ್ದಂತೆ ಅವನು, "ಇನ್ ಮ್ಯಾಲೆ ಯಾರಿಗೂ ಏನೂ ಹೇಳಿಕೊಡಬ್ಯಾಡ. ನಿನ್ನ ಎಂ.ಎ. ಎಲ್ಲರೆ ಹೋಗಿಬಿಟ್ರ ನಿಮ್ಮಪ್ಪಗ ನಾ ಏನ್ ಹೇಳ್ಲಿ?" ಎಂದಿದ್ದ.

ಅರವತ್ತನೆಯ ವರ್ಷಕ್ಕೆ ಕಾಲೇಜಿನ ಚರಿತ್ರೆ ಬರೆಯುವ ಕೆಲಸ ಅವನಿಗೆ ಬಂತು. ಮೊದಲ ದಶಕದ ದಫ್ತರುಗಳು ಪಂತರ ತಂದೆ ಬರೆದವು, ಎಲ್ಲ ಮೋಡಿ ಅಕ್ಷರದಲ್ಲಿ. ಹಿಂದಿನ ಕಾಲದ ಕಾರಕೂನರ ಬರಹ ಅದು. ಮೊದಲು ಪುಟದ ಉದ್ದಕ್ಕೂ ಗೆರೆ ಎಳೆದು, ಆಮೇಲೆ ಲೇಖನಿ ಎತ್ತದೆ ಅಕ್ಷರಗಳನ್ನು ಗೆರೆಗೆ ನೇತುಹಾಕುತ್ತ ಹೋಗುವುದು. ಮಾತು ಕನ್ನಡವೇ, ಆದರೆ ಕಲಿಯದವರಿಗೆ ಇರುವೆಯ ಸಾಲು. ಊರಿನಲ್ಲಿ ಅದು ಉಳಿದಿದ್ದದ್ದು ಪಂತರೊಬ್ಬರ ಬಳಿ. ಯುಗಾದಿಗೆ ಅವರಿಂದ ಕಡ ತಂದ, ದಸರೆಗೆ ಮರಳಿಸುವುದೆಂದು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ತಲೆನೋವು ಶುರುವಾಯಿತು. "ನೀ ಓದು, ನಾ ಬರೀತೀನಿ" ಎಂದು ಅಕ್ಷರವನ್ನು ನನಗೆ ಕಲಿಸಿಬಿಟ್ಟ. ಅಡುಗೆಮನೆಯಲ್ಲಿ, ಶೇಂಗಾ ಸುಲಿಯುತ್ತ. ದಫ್ತರಿನಲ್ಲಿ ಬರೆಯಲಿಲ್ಲ. ಪಂತರಿಗೆ ಹೇಳಲಿಲ್ಲ. ಆರು ವರ್ಷ ಊರಿನ ಕಡಕ್ಕೆಲ್ಲ ಸಾಕ್ಷಿ ಕೂತವನು ತನ್ನ ಮನೆಯ ಕಡಕ್ಕೆ ಸಾಕ್ಷಿ ಇಡಲಿಲ್ಲ.

ಅಕ್ಷರ ಅವನ ಕೈಯಲ್ಲಿದ್ದ ತಿಂಗಳುಗಳಲ್ಲಿ ನೋಟುಪುಸ್ತಕದ ಅಂಚಿನಲ್ಲೆಲ್ಲ ಮೋಡಿಯಲ್ಲೇ ಟಿಪ್ಪಣಿ ಹಾಕಿಕೊಂಡಿದ್ದ. ನನಗೆ ಕಲಿಸಿದ ಮೇಲೆ ಅವು ಅವನಿಗೇ ತಿಳಿಯುತ್ತಿರಲಿಲ್ಲ.

"ಇಲ್ಲಿ ಏನ್ ಬರದೀನಿ?"

"ಕುಮುದಾ ಹೇಳಿದ್ದೆಲ್ಲ ಖರೆ, ಅಂತ ಬರದೀ."

"ನಾ ಹಂಗ ಬರದಿಲ್ಲ."

"ಬೇಕಂದ್ರ ಓದಿ ನೋಡು."

ಅವನು ಪುಸ್ತಕವನ್ನು ಹತ್ತಿರ ಹಿಡಿದು, ದೂರ ಹಿಡಿದು, ತಲೆ ಕೆರೆದುಕೊಂಡು, ಕೊನೆಗೆ ನಾನು ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದ. ಕೊನೆಯ ಪುಟದಲ್ಲಿ ಮೂರು ಸಾಲಿದ್ದವು, ನನಗೆ ಕಲಿಸುವ ಹಿಂದಿನ ದಿನ ಬರೆದದ್ದು. "ಇದೊಂದು ಚರಿತ್ರೆ ಮುಗದ ಮ್ಯಾಲೆ ಓದು" ಎಂದಿದ್ದ. ಮೊದಲ ಪದ ಕಣ್ಣಿಗೆ ಬಿದ್ದಿತ್ತು, ನನ್ನ ಹೆಸರು. ಅಷ್ಟಕ್ಕೆ ಮುಚ್ಚಿದ್ದೆ.

ದಸರೆ ಬಂತು, ಮೂರು ದಫ್ತರು ಬಾಕಿಯಿದ್ದವು. ಕಾರ್ತಿಕದ ಒಂದು ಮಧ್ಯಾಹ್ನ ಗೋದಾಮಿನ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮೂವತ್ತಾರು ವರ್ಷ.

ಹೀಗಾಗಿ ಊರಿನ ಮಟ್ಟಿಗೆ ಮೋಡಿ ಅಕ್ಷರ ಅವನ ಜೊತೆ ಹೋಗಿತ್ತು, ಜೇಬಿನಂತೆ. ಪಂತರು ಹನ್ನೆರಡು ದಿನವೂ ಕೇಳಲಾರದೆ ಹೋದದ್ದು ಅದಕ್ಕೆ. ಕೇಳುವುದಾದರೂ ಹೇಗೆ? ನಿನ್ನ ಗಂಡನ ಜೊತೆ ನನ್ನದೂ ಒಂದು ಹೋಯಿತಲ್ಲ ಎಂದೇ? ನನ್ನ ಬಳಿ ಇದೆ ಎಂದು ಅವರಿಗೆ ಹೇಳಲು ಒಂದು ನಿಮಿಷ ಸಾಕಿತ್ತು. ಅವರು ಚಹಾ ಕುಡಿಯುವಷ್ಟು ಹೊತ್ತೂ ಅದು ಬಾಯಿಯಲ್ಲೇ ಇತ್ತು. ಹೇಳಿದರೆ ಮರಳಿಸಬೇಕು. ಮರಳಿಸಿದರೆ ಅಂಚಿನ ಟಿಪ್ಪಣಿಗಳೆಲ್ಲ ಇರುವೆಯ ಸಾಲು. ಕನ್ನಡಕ್ಕೆ ಇಳಿಸಿಟ್ಟುಕೊಳ್ಳಬಹುದಿತ್ತು, ಎರಡು ಪುಟ ಇಳಿಸಿಯೂ ನೋಡಿದೆ. ಅದು ನನ್ನ ಅಕ್ಷರ, ಅವನದಲ್ಲ. ಕೊನೆಯ ಪುಟವನ್ನಂತೂ ತೆರೆಯಲೇ ಇಲ್ಲ. ಓದದೆ ಇರುವವರೆಗೆ ಅವನು ಹೇಳುವುದು ಇನ್ನೂ ಏನೋ ಉಳಿದಿದೆ.

ಪಂತರು ಬಂದುಹೋದ ಮೂರನೆಯ ದಿನ ಪ್ರಿನ್ಸಿಪಾಲ್ ಬೂದಿಹಾಳ ಸರ್ ಬಂದರು. ಕಿತ್ತಳೆಹಣ್ಣು ತಂದಿದ್ದರು. ಮಾಡದ ಕಡೆ ನೋಡಿ ಉಸಿರುಬಿಟ್ಟರು.

"ಆ ದಫ್ತರು ಇನ್ನ ಯಾರಿಗೂ ಉಪಯೋಗಿಲ್ಲ ಬಿಡ್ರಿ. ಹತ್ತು ವರ್ಷದ ಚರಿತ್ರೆ ಮಣ್ಣಾತು."

ಯಾಕೆ ಹೇಳಿದೆನೋ ತಿಳಿಯದು. ಬಹುಶಃ ಅವರು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದಕ್ಕೆ. "ಮಣ್ಣಾಗಿಲ್ರಿ. ನನ್ನ ಹತ್ರ ಐತಿ" ಎಂದೆ.

ಸರ್ ಕಿತ್ತಳೆಯ ಚೀಲವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಪಂತರಿಗೆ ಗೊತ್ತೈತೇನು?"

"ಇಲ್ರಿ."

"ಗೊತ್ತಾಗೂದು ಬ್ಯಾಡ. ಹೋತು ಅಂತ ಅವರು ಹೆಂಗೂ ಮನಸ್ಸು ಗಟ್ಟಿ ಮಾಡ್ಕೊಂಡಾರ. ತಪ್ಪು ತಿಳೀಬ್ಯಾಡ್ರಿ ಮೇಡಂ, ಅವರಿಗೆ ಎಂಬತ್ನಾಕು. ನಿಮಗೆಷ್ಟು?"

"ಇಪ್ಪತ್ತೊಂಬತ್ತು."

"ನೋಡ್ರಿ ಮತ್ತ. ಅಕ್ಷರ ಉಳೀಬೇಕು ಅಂದ್ರ ನಿಮ್ಮ ಹತ್ರ ಇರೂದ ಶಾಣೇತನ."

"ಚನ್ನವೀರಗ ಮೂವತ್ತಾರಿತ್ರಿ, ಸರ್."

ಅವರು ಎರಡು ಕಿತ್ತಳೆ ತಾವೇ ಸುಲಿದು ತಿಂದರು. ಹೋಗುವಾಗ, "ವಿಚಾರ ಮಾಡ್ರಿ. ಊರಿನ ಸಲುವಾಗಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ತೊಂದರೆ. ಇಟ್ಟುಕೊಳ್ಳುವುದಕ್ಕೆ ನನಗೆ ಇಷ್ಟು ಒಳ್ಳೆಯ ಕಾರಣ ಸಿಗಬಾರದಿತ್ತು.

ಮರುದಿನ ಬೆಳಿಗ್ಗೆ ಪಂತರ ಮನೆಗೆ ಹೋದೆ. ಅಂಗಳದ ಹೊರಸಿನ ಮೇಲೆ ಹಳೆಯ ಕಾಗದಗಳನ್ನು ಹರಡಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಹುಣಸೆಬೀಜ ಇಟ್ಟು ಬಿಸಿಲಿಗೆ ಹಾಕಿದ್ದರು. ಹುಳು ಬೀಳದಿರಲೆಂದು. ತಾವು ಪಕ್ಕದಲ್ಲಿ ಕೂತು ಒಂದನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದರು.

"ಏನ್ರಿ ಅವು?"

"ನಮ್ಮ ಗೋದೂಬಾಯಿ ಪತ್ರ. ಬ್ಯಾರೆ ಊರಾಕಿ, ಕಾರಕೂನರ ಮಗಳು. ತವರಮನಿಗೆ ಹೋದಾಗೊಮ್ಮೆ ಬೈದು ಬರೀತಿದ್ಲು. ನಮ್ಮ ಅವ್ವಗ ತಿಳೀಬಾರದು ಅಂತ ಮೋಡಿಯೊಳಗ. ನಲವತ್ತೊಂದು ಅವ. ಹೋದ ಮ್ಯಾಲೆ ದಿನಾ ಒಂದು ಓದತಿದ್ದೆ." ಕಾಗದವನ್ನು ಇಳಿಸಿದರು. "ಎಂಟು ತಿಂಗಳಾತವಾ. ನನಗ ಯಾರೂ ಬೈದಿಲ್ಲ."

"ಓದಾವರು ಸಿಕ್ರ ಓದಿಸಿಕೊಳ್ತೀರೇನ್ರಿ?"

"ಹೆಂಡತಿ ಬೈದದ್ದು ಇನ್ನೊಬ್ಬರ ಬಾಯಿಲೆ ಕೇಳೂದೇನು? ಛೀ."

ನಾನು ಹೊರಸಿನ ತುದಿಯಲ್ಲಿ ಕೂತೆ. "ನಿಮ್ಮ ಅಕ್ಷರ ಹೋಗಿಲ್ರಿ, ಅಜ್ಜಾರ. ಅವರು ನನಗ ಕೊಟ್ಟಾರ."

ಖುಷಿಪಡುತ್ತಾರೆಂದುಕೊಂಡಿದ್ದೆ.

"ಸಾಕ್ಷಿ ಯಾರಿದ್ರು?"

"ಯಾರೂ ಇಲ್ಲ."

"ಮೂರ್ಖ!" ಎಂದರು. "ಊರಿಗೆಲ್ಲ ಸಾಕ್ಷಿ ಕೂಡಾಂವ, ಅಂವಗs ಸಾಕ್ಷಿ ಇಲ್ಲ! ಗಡ್ಡದ ಏಳು ಮಂದಿ ಮ್ಯಾಲಿಂದ ನೋಡಿ ಅಳಲಿಕ್ಕತ್ತಿರಬೇಕು." ನಗತೊಡಗಿದರು. ಹೊರಸು ಅಲುಗಿ ಹುಣಸೆಬೀಜಗಳು ಉರುಳಿದವು, ಕಾಗದ ಹಾರಿದವು. ಇಬ್ಬರೂ ಅಂಗಳದ ತುಂಬ ಓಡಾಡಿ ಹಿಡಿದೆವು. ಕೊನೆಯದನ್ನು ನನ್ನ ಕೈಯಿಂದ ತೆಗೆದುಕೊಳ್ಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಅಂದೂ ಅಳು ಬರಲಿಲ್ಲ.

ಮರಳಿಸಲು ಒಂಬತ್ತು ದಿನ ಹಿಡಿಯಿತು. ಪಂತರು ಬೆಳಿಗ್ಗೆ ನಮ್ಮ ಕಟ್ಟೆಗೆ ಬರುತ್ತಿದ್ದರು. ಈ ಸಲ ಸಾಕ್ಷಿ ಬೇಕೇ ಬೇಕೆಂದು ಹಟ ಹಿಡಿದು ಬೂದಿಹಾಳ ಸರ್‌ರನ್ನೇ ಕುರ್ಚಿಯಲ್ಲಿ ಕೂರಿಸಿದರು. ಸರ್ ಮುಖ ಊದಿಸಿಕೊಂಡು ಕೂತರು, ಎರಡನೆಯ ದಿನದಿಂದ ನಿದ್ದೆ ಮಾಡಿದರು. ನಾನು ಪಾಟಿಯ ಮೇಲೆ ಗೆರೆ ಎಳೆಯುತ್ತಿದ್ದೆ, ಒಂದೊಂದೇ ಅಕ್ಷರ ನೇತುಹಾಕುತ್ತಿದ್ದೆ. ಅವರು ತಿದ್ದುತ್ತಿದ್ದರು. ಅವರ ಕೈಗೆ ಬಂದ ಕ್ಷಣ ಅದು ನನ್ನ ಕಣ್ಣಿಗೆ ಬರೀ ಕೊಕ್ಕೆ. ಸ್ವರಗಳು ಮೊದಲ ದಿನ ಹೋದವು. ಎರಡನೆಯ ದಿನ ಕ ಹೋಯಿತು. ಅಂದು ಮನೆಯೊಳಗೆ ಹೋಗಿ ನೋಟುಪುಸ್ತಕದ ಕೊನೆಯ ಪುಟ ತೆರೆದೆ. ಮೊದಲ ಪದ ನನ್ನ ಹೆಸರು ಎಂಬುದು ನೆನಪಿತ್ತು, ಅಷ್ಟೆ. ಉಳಿದ ಸಾಲುಗಳಲ್ಲಿ ಒಡೆದ ಮಡಕೆಯ ಚೂರಿನಂತೆ ಅಲ್ಲೊಂದು ಇಲ್ಲೊಂದು ಅಕ್ಷರ. ಮುಚ್ಚಿದೆ.

ಐದನೆಯ ದಿನದ ಹೊತ್ತಿಗೆ ಅರ್ಧ ಅಕ್ಷರ ಅವರಲ್ಲಿ, ಅರ್ಧ ನನ್ನಲ್ಲಿ. ಪಂತರಿಗೆ ತಡೆಯಲಾಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಒಳಗಿಂದ ಒಂದು ಪತ್ರ ತೆಗೆದರು.

"ಅರ್ಧ ನಂದು ಅದಲ್ಲ. ಇನ್ನೊಬ್ಬರು ಓದಿದ್ಹಂಗ ಆಗೂದಿಲ್ಲ."

ಇಬ್ಬರೂ ತಲೆ ಕೂಡಿಸಿ ಬಗ್ಗಿದೆವು.

"ಗಂಗಾ" ಎಂದರು ಅವರು.

"ಳ" ಎಂದೆ ನಾನು. "ತೊಳೆದು."

"ಇಡಿ."

"ರಿ. ಬೆ."

"ಕ್ಕಿಗೆ!"

"ಹಾಲು."

ಹೀಗೆ ಜೀಪಿನ ನಾಲ್ವರಂತೆ ಸ್ಟೇರಿಂಗ್ ಒಬ್ಬರದು, ಬ್ರೇಕು ಒಬ್ಬರದಾಗಿ ಒಂದು ಪುಟ ಸಾಗಿದೆವು. ಗಂಗಾಳ ತೊಳೆದು ಇಡಿರಿ, ಬೆಕ್ಕಿಗೆ ಹಾಲು ಹಾಕಿರಿ, ನೀವೇ ಕುಡಿದು ಬೆಕ್ಕಿನ ಮೇಲೆ ಹೇಳಬೇಡಿರಿ. ಪಂತರು ಸುಖದಿಂದ ಕಣ್ಣುಮುಚ್ಚಿ, "ಎಷ್ಟ ಚೊಲೊ ಬೈತಾಳ ನೋಡು" ಎಂದರು. ನಿದ್ದೆಯಲ್ಲಿದ್ದ ಸರ್ ಎಚ್ಚೆತ್ತು ನಿಯಮಕ್ಕೆ ವಿರುದ್ಧ ಎಂದರು. ಆ ದಿನ ನಾನು ಪಂತರಿಗೆ ಅಂಚಿನ ಟಿಪ್ಪಣಿಗಳ ವಿಷಯ ಹೇಳಿದೆ, ನಾನು ಹೇಗೆ ಸುಳ್ಳು ಓದುತ್ತಿದ್ದೆ, ಅವನು ಹೇಗೆ ತಲೆ ಕೆರೆದುಕೊಳ್ಳುತ್ತಿದ್ದ ಎಂದು. ಅವರು ನಗಲಿಲ್ಲ. "ಹಂಗs ಇರಬೇಕು" ಎಂದರು.

ಒಂಬತ್ತನೆಯ ದಿನ ಳ ಕೊಟ್ಟೆ. ಅದು ನನ್ನಲ್ಲಿದ್ದ ಕೊನೆಯ ಅಕ್ಷರ. ಪಂತರು ಪಾಟಿಯ ಮೇಲೆ ಒಮ್ಮೆ ತಿದ್ದಿ, ಸಾಕು ಎಂದು ಕೈ ಎತ್ತಿದರು. ಬಿಚ್ಚಿಟ್ಟ ದಫ್ತರಿನ ಪುಟ ಒಮ್ಮೆಗೇ ಮೌನವಾಯಿತು.

ಬೂದಿಹಾಳ ಸರ್ ಪ್ರಮಾಣಪತ್ರ ತೆಗೆದರು. ಕಡ ತಂದವನ ಹೆಸರಿನಲ್ಲೇ ಬರೆಯಬೇಕು, ನಿಯಮ. ಚನ್ನವೀರ ಇವರು ಮೋಡಿ ಅಕ್ಷರವನ್ನು ಸರಿಯಾಗಿ ಮರಳಿಸಿರುತ್ತಾರೆ. ಮರಳಿಸಿದವರ ಸಹಿಗೆ ಜಾಗವಿತ್ತು. "ಪೆನ್ ಐತೇನ್ರಿ?" ಎಂದರು. ನಾನು ಒಳಗೆ ಹೋಗಿ ಗೂಟದ ಅಂಗಿಯಿಂದ ಪೆನ್ನು ತೆಗೆದುಕೊಂಡು ಬಂದು ಸಹಿ ಹಾಕಿದೆ. ಉಳಿದ ಮೂರು ದಫ್ತರುಗಳನ್ನು ಪಂತರು ಓದುವುದು, ನಾನು ಬರೆದುಕೊಳ್ಳುವುದು ಎಂದಾಯಿತು. ಅದು ಮುಗಿದ ಮೇಲೆ ಅಕ್ಷರವನ್ನು ಯಾರಿಗಾದರೂ ಕಡ ಕೊಡಲೇಬೇಕು ಎಂದು ಸರ್ ಗದರಿಸಿದರು. "ಕೊಡೂದs ನನ್ನ ಕೆಲಸ. ಆದರ ನಲವತ್ತೊಂದೂ ಒಂದ ಸಲ ಬೈಸಿಕೊಂಡ ಮ್ಯಾಲೆ" ಎಂದರು ಪಂತರು. ಸರ್ ಕುರ್ಚಿ ಎತ್ತಿಕೊಂಡು ಹೋದರು.

ನಾನು ನೋಟುಪುಸ್ತಕ ತಂದು ಕೊನೆಯ ಪುಟ ತೆರೆದು ಪಂತರ ಮುಂದಿಟ್ಟೆ. ಚರಿತ್ರೆ ಮುಗಿದಿರಲಿಲ್ಲ. ಆದರೂ ಇಟ್ಟೆ.

"ಇಲ್ಲಿ ಏನ್ ಬರದಾರ್ರಿ?"

ಅವರು ಕನ್ನಡಕ ಒರೆಸಿಕೊಂಡರು. ಮೂರು ಸಾಲನ್ನು ಮನಸ್ಸಿನಲ್ಲೇ ಓದಿದರು. ಮತ್ತೆ ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಒರೆಸಿದರು. ರಸ್ತೆಯಲ್ಲಿ ಹಾರ್ನು ಬಾರಿಸುತ್ತ ಜೀಪು ಹೋಯಿತು. ಅದು ಪೂರ್ತಿ ದೂರ ಹೋಗುವವರೆಗೆ ಕಾದು, ಗಂಟಲು ಸರಿಮಾಡಿಕೊಂಡರು.

"ಕುಮುದಾ, ಪಂತರ ಚಹಾಕ್ಕ ಅರ್ಧ ಚಮಚ ಸಕ್ಕರಿ ಸಾಲೂದಿಲ್ಲ. ಒಂದು ಹಾಕು. ಅಂತ ಬರದಾನ."

"ಹಂಗ ಬರದಿಲ್ರಿ ಅವರು."

"ಬರದಾನ. ಬೇಕಂದ್ರ ಓದಿ ನೋಡು."

ಪುಸ್ತಕವನ್ನು ಹತ್ತಿರ ಹಿಡಿದು ನೋಡಿದೆ. ದೂರ ಹಿಡಿದು ನೋಡಿದೆ. ಗೆರೆಗೆ ನೇತುಬಿದ್ದ ಮೂರು ಇರುವೆಯ ಸಾಲು.

"ಮೂರು ಸಾಲು ಅದಾವಲ್ರಿ. ಉಳಿದದ್ದು?"

"ದಿನಕ್ಕ ಒಂದs ಸಾಲು" ಎಂದರು ಪಂತರು. "ನಾಳೆ ಬರತೇನಿ."

ಕಣ್ಣು ತುಂಬಿದ್ದರಿಂದ ಆ ಸಾಲುಗಳೂ ಕಾಣದಾದವು. ಒಳಗೆ ಹೋಗಿ ಚಹಾಕ್ಕೆ ಒಂದು ಚಮಚ ಸಕ್ಕರೆ ಹಾಕಿದೆ.